4094 ಸ್ಪರ್ಶಬಿಂದುಗಳಲ್ಲಿ ಯಾವುದು ಕೈಕೊಟ್ಟಿದೆ? ಎಸ್‌ಪಿ3 ಸಾಕೆಟ್ ಬಗ್ಗೆ ಸಲಹೆ ಬೇಕು

ತೋಟದಂಚು, ಶಿರಸಿ

ನಮ್ಮ ಗೆಳೆಯರ ಬಳಗ ಯಕ್ಷಗಾನ ಮತ್ತು ತಾಳಮದ್ದಲೆಯ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಹಚ್ಚಿಕೊಂಡಿದೆ. ಅಟ್ಟದ ಮೇಲಿನ ಪೆಟ್ಟಿಗೆಗಳಿಂದ ತಂದ ಕ್ಯಾಸೆಟ್‌ಗಳು. ಕೆಲವಕ್ಕೆ ಬೂಷ್ಟು ಹಿಡಿದಿದೆ. ಇನ್ನೆರಡು ಮಳೆಗಾಲ ಕಳೆದರೆ ಅವು ಉಳಿಯುವುದಿಲ್ಲ ಎಂಬ ಆತಂಕ ನಮಗೆಲ್ಲ ಇದೆ. ಧ್ವನಿಯನ್ನು ಶುದ್ಧಗೊಳಿಸಿ ಇಡಲು ಬೆಂಗಳೂರಿನಿಂದ ಬಳಸಿದ ಸರ್ವರ್ ಒಂದನ್ನು ತರಿಸಿದೆವು. ಎಎಂಡಿಯ ಎರಡನೇ ತಲೆಮಾರಿನ ಎಪಿಕ್ ಪ್ರೊಸೆಸರ್, ಅದು ಬೋರ್ಡಿನಲ್ಲಿ ಕೂರುವ 4094 ಸ್ಪರ್ಶಬಿಂದುಗಳ ಎಸ್‌ಪಿ3 ಸಾಕೆಟ್, ತಲಾ 16 ಜಿಬಿಯ 8 ರ‍್ಯಾಮ್ ಸ್ಟಿಕ್‌ಗಳು.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ದೂಳು ತೆಗೆದು ಥರ್ಮಲ್ ಪೇಸ್ಟ್ ಬದಲಿಸಿಕೊಡಿ ಎಂದು ಒಂದು ರಿಪೇರಿ ಅಂಗಡಿಗೆ ಕೊಟ್ಟೆವು. ಮರಳಿ ಬಂದ ದಿನದಿಂದ 128 ಜಿಬಿಯ ಬದಲು 96 ಜಿಬಿ ಮಾತ್ರ ಕಾಣಿಸುತ್ತಿದೆ. ಸ್ಟಿಕ್‌ಗಳನ್ನು ಅದಲುಬದಲು ಮಾಡಿ ನೋಡಿದೆ. ಯಾವ ಸ್ಟಿಕ್ ಹಾಕಿದರೂ ಅವೇ ಎರಡು ಸ್ಲಾಟ್‌ಗಳು ಕುರುಡು. ಬೋರ್ಡು ಸತ್ತಿದೆ, ಹೊಸದು ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ಉಳಿದ ಆರು ಸ್ಲಾಟ್‌ಗಳು ದಿನವಿಡೀ ದುಡಿಯುತ್ತಿರುವಾಗ ಬೋರ್ಡು ಸತ್ತಿದೆ ಎನ್ನುವುದು ಹೇಗೆ?

ಕಾಳಿತೀರ, ಕಾರವಾರ

ರಾಯರೇ, ಬೋರ್ಡು ಕೊಳ್ಳಬೇಡಿ. ಸಾಕೆಟ್ ನೋಡಿ. ಪ್ರೊಸೆಸರ್ ತೆಗೆದು ಹಾಕಿದ ಮೇಲೆ ನಿರ್ದಿಷ್ಟ ಸ್ಲಾಟ್‌ಗಳು ಕಾಣೆಯಾದವು ಎಂದರೆ ನೂರಕ್ಕೆ ತೊಂಬತ್ತು ಪಾಲು ಅಲ್ಲಿಯೇ ಏನೋ ಆಗಿರುತ್ತದೆ. ಒಂದೋ ಸ್ಕ್ರೂಗಳ ಬಿಗಿ ಸಮನಾಗಿಲ್ಲ, ಇಲ್ಲವೇ ಪಿನ್ನಿಗೂ ಪ್ರೊಸೆಸರಿಗೂ ನಡುವೆ ಏನಾದರೂ ಸಿಕ್ಕಿಕೊಂಡಿದೆ, ಅಥವಾ ಪಿನ್ನೇ ಬಾಗಿದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಕೊನೆಯದು ನಿಜವಾಗಿದ್ದರೂ ಸರಿಪಡಿಸಬಹುದು.

ಶರಾವತಿ ಹುಡುಗ, ಹೊನ್ನಾವರ

ಒಂದು ಪ್ರಶ್ನೆ ಅಣ್ಣಾ. ರ‍್ಯಾಮ್ ಇರುವುದು ಬೇರೆ ಸ್ಲಾಟಿನಲ್ಲಿ. ಪ್ರೊಸೆಸರ್ ಸಾಕೆಟ್ಟಿನ ಪಿನ್ನಿಗೂ ಅದಕ್ಕೂ ಏನು ಸಂಬಂಧ? ನಾನು ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಪಠ್ಯದಲ್ಲಿ ಪ್ರೊಸೆಸರಿಗೂ ಮೆಮೊರಿಗೂ ನಡುವೆ ನಾರ್ತ್‌ಬ್ರಿಜ್ ಎಂಬ ಚಿಪ್ ಇರುತ್ತದೆ ಎಂದು ಚಿತ್ರ ಕೊಟ್ಟಿದ್ದಾರೆ.

ಅಘನಾಶಿನಿ, ಕುಮಟಾ

ಆ ಚಿತ್ರ ಹಳೆಯದಾಯಿತು ತಮ್ಮಾ. ಆದರೆ ನಿನ್ನ ಪ್ರಶ್ನೆಯಿಂದಲೇ ಈ ಕಥೆಯನ್ನು ಆರಂಭಿಸಬೇಕು.

ಮೊದಲು ಪ್ರೊಸೆಸರಿನಿಂದ ಒಂದೇ ಹೆದ್ದಾರಿ ಹೊರಡುತ್ತಿತ್ತು. ಅದು ನಾರ್ತ್‌ಬ್ರಿಜ್ ಚಿಪ್ಪಿಗೆ ಹೋಗುತ್ತಿತ್ತು. ಮೆಮೊರಿಯ ತಂತಿಗಳೆಲ್ಲ ಆ ಚಿಪ್ಪಿನಿಂದ ಹೊರಡುತ್ತಿದ್ದವು. ಹಾಗಾಗಿ ಸಾಕೆಟ್ಟಿಗೆ ಪಿನ್ನುಗಳು ಕಡಿಮೆ ಸಾಕಾಗುತ್ತಿದ್ದವು. 1995ರ ಪೆಂಟಿಯಂ ಪ್ರೊ ಕೂರುತ್ತಿದ್ದ ಸಾಕೆಟ್ 8ರಲ್ಲಿ ಇದ್ದವು 387. 2001ರಲ್ಲಿ ಇಂಟೆಲ್‌ನ ಸರ್ವರ್ ಪ್ರೊಸೆಸರ್ ಜೀಯಾನ್‌ಗೆ ಬಂದ ಸಾಕೆಟ್ಟಿನ ಹೆಸರೇ 603.

2003ರ ಏಪ್ರಿಲ್‌ನಲ್ಲಿ ಎಎಂಡಿ ಆಪ್ಟೆರಾನ್ ಎಂಬ ಸರ್ವರ್ ಪ್ರೊಸೆಸರ್ ತಂದಿತು. ಅದರಲ್ಲಿ ಮೆಮೊರಿ ನಿಯಂತ್ರಕವನ್ನು ಪ್ರೊಸೆಸರಿನ ಒಳಗೇ ಕೂರಿಸಿದ್ದರು. ಪ್ರೊಸೆಸರುಗಳು ತಮ್ಮತಮ್ಮೊಳಗೆ ಮಾತಾಡಲು ಹೈಪರ್‌ಟ್ರಾನ್ಸ್‌ಪೋರ್ಟ್ ಎಂಬ ಬೇರೆ ಕೊಂಡಿ ಇತ್ತು. ಈಗ ಮೆಮೊರಿಯ ಪ್ರತಿ ತಂತಿಯೂ ಪ್ರೊಸೆಸರಿನ ಬುಡದಿಂದಲೇ ಹೊರಡಬೇಕಾಯಿತು. ಸಾಕೆಟ್ಟಿನಲ್ಲಿ 940 ಪಿನ್ನುಗಳಾದವು. ಇಂಟೆಲ್ ಇದೇ ಹಾದಿಗೆ ಬಂದದ್ದು 2008ರ ನವೆಂಬರ್‌ನಲ್ಲಿ. ಆಗ ಅವರ ಸಾಕೆಟ್ 1366ಕ್ಕೆ ಏರಿತು.

ಆದ್ದರಿಂದ ಶಿರಸಿಯ ರಾಯರ ಸಾಕೆಟ್ಟಿನಲ್ಲಿ ಮೆಮೊರಿಗೆ ಹೋಗುವ ಒಂದು ಸ್ಪರ್ಶ ತಪ್ಪಿದರೂ ಆ ಚಾನೆಲ್ ಪೂರ್ತಿ ಕಾಣೆಯಾಗಬಹುದು. ಚಾನೆಲ್ ಎಂದರೆ ಪ್ರೊಸೆಸರಿನಿಂದ ಮೆಮೊರಿಗೆ ಹೋಗುವ ಒಂದು ದಾರಿ; ಎಸ್‌ಪಿ3ಯಲ್ಲಿ ಅಂಥ 8 ಇವೆ. ಅವರ ಬೋರ್ಡಿನಲ್ಲಿ ಒಂದೊಂದು ಸ್ಲಾಟ್ ಒಂದೊಂದು ಚಾನೆಲ್. ಎರಡು ಚಾನೆಲ್ ಹೋದರೆ 32 ಜಿಬಿ ಹೋಯಿತು. ಲೆಕ್ಕ ಸರಿಹೊಂದುತ್ತದೆ.

ತೋಟದಂಚು, ಶಿರಸಿ

ಅಕ್ಕ, ಇದನ್ನು ಓದಿ ಜೀವ ಬಂದಂತಾಯಿತು. ಬಿಚ್ಚಲು ಧೈರ್ಯ ಬೇಕು ಅಷ್ಟೇ. ಈ ಸಾಕೆಟ್ಟಿನ ಒಳಗೆ ನಾನು ಇದುವರೆಗೆ ಇಣುಕಿಲ್ಲ.

ಕಾಳಿತೀರ, ಕಾರವಾರ

ಅವಸರ ಮಾಡದಿದ್ದರೆ ಏನೂ ಆಗುವುದಿಲ್ಲ. ಕ್ರಮ ಹೇಳುತ್ತೇನೆ.

ಕರೆಂಟಿನ ತಂತಿ ಕಿತ್ತು, ಹೀಟ್‌ಸಿಂಕ್ ತೆಗೆಯಿರಿ. ಮೇಲೆ ಉಕ್ಕಿನ ಚೌಕಟ್ಟು ಕಾಣುತ್ತದೆ. ಅದಕ್ಕೆ ಮೂರೇ ಸ್ಕ್ರೂ. ಪಕ್ಕದಲ್ಲಿ 1, 2, 3 ಎಂದು ಬರೆದಿರುತ್ತದೆ. ಟಿ20 ಟಾರ್ಕ್ಸ್ ಬಿಟ್ ಬೇಕು. ಸಾಮಾನ್ಯ ಸ್ಕ್ರೂಡ್ರೈವರ್ ತುರುಕಬೇಡಿ, ತಲೆ ಸವೆದುಹೋಗುತ್ತದೆ. ಬಿಚ್ಚುವಾಗ 3, 2, 1. ಬಿಗಿಯುವಾಗ 1, 2, 3. ಚೌಕಟ್ಟು ಎದ್ದ ಮೇಲೆ ಒಳಗಿನ ಹಳಿಯ ಚೌಕಟ್ಟನ್ನು ಎರಡೂ ಬದಿ ಹಿಡಿದು ಎತ್ತಿ. ಪ್ರೊಸೆಸರ್ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂತಿರುತ್ತದೆ. ಆ ತಟ್ಟೆಯನ್ನು ಡ್ರಾಯರ್ ಎಳೆದಂತೆ ಹಳಿಯ ಗುಂಟ ಮೇಲಕ್ಕೆ ಎಳೆಯಿರಿ. ಪ್ರೊಸೆಸರನ್ನು ಬರಿಗೈಯಲ್ಲಿ ಹಿಡಿದು ಸಾಕೆಟ್ಟಿನ ಮೇಲೆ ಇಳಿಸುವ ಪ್ರಸಂಗವೇ ಬರಬಾರದು ಎಂದು ಈ ಏರ್ಪಾಡು ಮಾಡಿದ್ದಾರೆ. ನಾನು ಕಂಡ ಸಾಕೆಟ್‌ಗಳಲ್ಲಿ ಇಷ್ಟು ಕಾಳಜಿಯಿಂದ ಮಾಡಿದ್ದು ಇನ್ನೊಂದಿಲ್ಲ.

ಕೆಳಗೆ ಕಾಣುವ ಚಿನ್ನದ ಬಣ್ಣದ ಹಾಸಿನ ಮೇಲೆ ಬೆರಳು, ಬಟ್ಟೆ, ಹತ್ತಿ ಯಾವುದನ್ನೂ ಆಡಿಸಬೇಡಿ. ಹತ್ತಿಯ ಒಂದು ಎಳೆ ಸಿಕ್ಕಿಕೊಂಡರೆ ಹತ್ತು ಪಿನ್ನುಗಳನ್ನು ಜೊತೆಗೆ ಎಳೆಯುತ್ತದೆ.

ಶರಾವತಿ ಹುಡುಗ, ಹೊನ್ನಾವರ

ನನ್ನ ಮನೆಯ ಕಂಪ್ಯೂಟರ್ ಎಎಂ4 ಸಾಕೆಟ್ಟಿನದು. ಅದರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿವೆ, ಬೋರ್ಡಿನಲ್ಲಿ ತೂತುಗಳಿವೆ. ಸನ್ನೆ ಎತ್ತಿದರೆ ಸಲೀಸಾಗಿ ಬರುತ್ತದೆ. ಸರ್ವರಿನಲ್ಲಿ ಮಾತ್ರ ಉಲ್ಟಾ ಏಕೆ?

ಅಘನಾಶಿನಿ, ಕುಮಟಾ

ನಿನ್ನದು ಪಿಜಿಎ ಬಗೆ, 1331 ಪಿನ್ನು. ರಾಯರದು ಎಲ್‌ಜಿಎ ಬಗೆ. ಅಲ್ಲಿ ಪ್ರೊಸೆಸರಿನ ಅಡಿ ನುಣುಪು, ಬರೀ ಚಪ್ಪಟೆ ಬಿಲ್ಲೆಗಳು. ಬೋರ್ಡಿನ ಮೇಲೆ ಬಾಗಿದ ಪುಟ್ಟ ಸ್ಪ್ರಿಂಗ್‌ಗಳು ಎದ್ದು ನಿಂತಿರುತ್ತವೆ. ಮೇಲಿನಿಂದ ಒತ್ತಿದಾಗ ಒಂದೊಂದು ಸ್ಪ್ರಿಂಗೂ ತನ್ನ ಬಿಲ್ಲೆಯನ್ನು ತಾಗಿ ತುಸು ಉಜ್ಜಿಕೊಂಡು ಕೂರುತ್ತದೆ. ಆ ಉಜ್ಜುವಿಕೆಯೂ ಬೇಕಾದದ್ದೇ, ಮೇಲಿನ ತೆಳು ಕೊಳೆಯನ್ನು ಅದು ಕೆರೆದು ಹಾಕುತ್ತದೆ.

ಎಎಂಡಿಯ ಸರ್ವರ್‌ಗಳಲ್ಲಿ ಈ ಬದಲಾವಣೆ ಆದದ್ದು 2006ರ ಆಗಸ್ಟ್‌ನಲ್ಲಿ, 1207 ಸ್ಪರ್ಶಗಳ ಸಾಕೆಟ್ ಎಫ್ ಮೂಲಕ. ಇಂಟೆಲ್ ಅದೇ ವರ್ಷ ಜೀಯಾನ್‌ಗೆ ಎಲ್‌ಜಿಎ 771 ತಂದಿತ್ತು. ಇಬ್ಬರೂ ಒಂದೇ ಕಾಲಕ್ಕೆ ಅದೇ ದಾರಿ ಹಿಡಿಯಲು ಕಾರಣವಿದೆ. ಉದ್ದನೆಯ ಪಿನ್ನು ಎಂದರೆ ಉದ್ದನೆಯ ತಂತಿ. ಸಂಕೇತದ ವೇಗ ಏರಿದಂತೆ ಆ ಉದ್ದವೇ ಅಡ್ಡಿಯಾಗುತ್ತದೆ. ಎಲ್‌ಜಿಎಯಲ್ಲಿ ದಾರಿ ಗಿಡ್ಡ. ಜೊತೆಗೆ ಸ್ಪರ್ಶಗಳನ್ನು ಇನ್ನಷ್ಟು ಒತ್ತೊತ್ತಾಗಿ ಜೋಡಿಸಬಹುದು.

ಇನ್ನು ಇಷ್ಟೊಂದು ಏಕೆ ಬೇಕು ಎನ್ನುವುದಕ್ಕೆ ನಾನು ತರಗತಿಯಲ್ಲಿ ಮಾಡಿಸುವ ಒಂದು ಲೆಕ್ಕ ಇದೆ. ಇದು ಅಂದಾಜು, ಕಂಪನಿಯ ನಕ್ಷೆಯಲ್ಲ. ಎರಡನೇ ತಲೆಮಾರಿನ 64 ಕೋರ್‌ಗಳ ಎಪಿಕ್ 7742 ತೆಗೆದುಕೊಳ್ಳುವ ಶಕ್ತಿ 225 ವ್ಯಾಟ್. ಮನೆಯ 230 ವೋಲ್ಟ್ ಪ್ಲಗ್ಗಿನಲ್ಲಾದರೆ ಅದು 1 ಆಂಪಿಯರಿಗಿಂತ ಕಡಿಮೆ. ಆದರೆ ಪ್ರೊಸೆಸರಿನ ಕೋರ್ ನಡೆಯುವುದು 1 ವೋಲ್ಟ್ ಆಸುಪಾಸಿನಲ್ಲಿ. ಅಂದರೆ 200 ಆಂಪಿಯರಿಗೂ ಮೀರಿದ ವಿದ್ಯುತ್ ಆ ಕೂದಲೆಳೆಯಂಥ ಸ್ಪ್ರಿಂಗ್‌ಗಳ ಮೂಲಕ ಹರಿಯಬೇಕು. ಒಂದರ ಮೇಲೆ ಅರ್ಧ ಆಂಪಿಯರ್ ಹೊರಿಸಿದರೆ ಹೋಗಲು 450, ಮರಳಲು 450. ವಿದ್ಯುತ್ತಿಗೇ 900 ಮುಗಿಯಿತು. ಮೆಮೊರಿಯ ಒಂದು ಚಾನೆಲ್ಲಿಗೆ ದತ್ತಾಂಶದ 64 ಗೆರೆ, ತಪ್ಪು ತಿದ್ದಲು 8 ಗೆರೆ, ಅವಕ್ಕೆ ತಾಳ ಹಿಡಿಯುವ ಗೆರೆಗಳು, ವಿಳಾಸದ ಗೆರೆಗಳು ಸೇರಿ 140ರ ಹತ್ತಿರ ಬರುತ್ತದೆ. 8 ಚಾನೆಲ್‌ಗೆ 1100. ಕಾರ್ಡು, ಡಿಸ್ಕುಗಳಿಗೆ ಹೋಗುವ ಪಿಸಿಐ ಎಕ್ಸ್‌ಪ್ರೆಸ್ ಲೇನ್ 128, ಒಂದಕ್ಕೆ 4 ಗೆರೆಯಂತೆ 512. ಉಳಿದವುಗಳಲ್ಲಿ ಬಹುಪಾಲು ಗ್ರೌಂಡ್. ವೇಗದ ಗೆರೆಗಳು ಒಂದರ ಸದ್ದು ಇನ್ನೊಂದಕ್ಕೆ ಕೇಳದಂತೆ ನಡುನಡುವೆ ಗ್ರೌಂಡ್ ನಿಲ್ಲಿಸಬೇಕು, ತೋಟದ ಸಾಲುಗಳ ನಡುವೆ ಕಾದಿಗೆ ತೆಗೆದಂತೆ. ಹೀಗೆ 4094 ತುಂಬುತ್ತದೆ.

ಕಾಳಿತೀರ, ಕಾರವಾರ

ಇದಕ್ಕೆ ಒತ್ತಡದ ಲೆಕ್ಕವನ್ನೂ ಸೇರಿಸಿ ಅಕ್ಕ. ಒಂದು ಸ್ಪ್ರಿಂಗನ್ನು ತಗ್ಗಿಸಲು 25 ಗ್ರಾಂ ಎಂದು ಹಿಡಿದರೂ 4094ಕ್ಕೆ 100 ಕಿಲೋ ದಾಟುತ್ತದೆ. ಒಂದು ಕ್ವಿಂಟಾಲ್ ಅಡಿಕೆಯನ್ನು ಅಂಗೈಯಗಲದ ಜಾಗದ ಮೇಲೆ ಇಟ್ಟಂತೆ. ಅದಕ್ಕೇ ಕಡ್ಡಿಯಂಥ ಸನ್ನೆ ಬಿಟ್ಟು ಉಕ್ಕಿನ ಚೌಕಟ್ಟು, ಮೂರು ಸ್ಕ್ರೂ, ಬೋರ್ಡಿನ ಹಿಂದೆ ದಪ್ಪ ತಗಡು ಎಲ್ಲ ಬಂದದ್ದು. ಒಂದು ಸ್ಕ್ರೂವನ್ನು ಪೂರ್ತಿ ತಿರುಗಿಸಿ ಇನ್ನೊಂದಕ್ಕೆ ಹೋದರೆ ಪ್ರೊಸೆಸರ್ ಒಂದು ಬದಿಗೆ ಒರಗುತ್ತದೆ, ಎದುರಿನ ಮೂಲೆಯ ಸ್ಪ್ರಿಂಗ್‌ಗಳು ಬಿಲ್ಲೆಯನ್ನು ಮುಟ್ಟುವುದೇ ಇಲ್ಲ. ಚಂಡೆ ಬಿಗಿಯುವವರು ಒಂದೇ ಕಡೆ ಎಳೆಯುತ್ತಾರೆಯೇ? ಸುತ್ತಲೂ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಬರುತ್ತಾರೆ. ಇಲ್ಲಿಯೂ 1, 2, 3 ಎಂದು ಸುತ್ತು ಹಾಕಿ.

ಬೇಡ್ತಿ, ಯಲ್ಲಾಪುರ

ಲೆಕ್ಕವೆಲ್ಲ ಸರಿ. ಆದರೆ ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ನಾನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಜೀಯಾನ್ ಇ5, ಎರಡನೇ ಆವೃತ್ತಿಯ ಸರ್ವರ್ ಇದೆ. ಸಾಕೆಟ್ ಎಲ್‌ಜಿಎ 2011. ಮೂರನೇ ಆವೃತ್ತಿಯ ಪ್ರೊಸೆಸರ್ ಬಳಸಿದ ಮಾಲು ಅಗ್ಗದಲ್ಲಿ ಸಿಕ್ಕಿತು. ಅದರಲ್ಲೂ 2011 ಬಿಲ್ಲೆಗಳೇ. ತಂದ ಮೇಲೆ ನೋಡಿದರೆ ಕೂರುವುದೇ ಇಲ್ಲ, ಕಚ್ಚು ಬೇರೆ. ಸಂಖ್ಯೆ ಒಂದೇ, ಹೆಸರಿನ ಮುಂದೆ ಒಂದು ‘3’ ಬಾಲಂಗೋಚಿ. ನಮ್ಮಂಥ ಸಣ್ಣ ಊರಿನವರು ಪ್ರತಿಸಲ ಬೋರ್ಡು ಸಮೇತ ಕೊಳ್ಳಲಿ ಎಂಬ ಉದ್ದೇಶವಲ್ಲದೆ ಇದರಲ್ಲಿ ಬೇರೇನಿದೆ?

ಉಂಚಳ್ಳಿ, ಸದ್ಯ ಬೆಂಗಳೂರು

ನಾನು ಸಿದ್ದಾಪುರದ ಕಡೆಯವನು, ಈಗ ಡೇಟಾ ಸೆಂಟರ್ ಒಂದರಲ್ಲಿ ಕೆಲಸ. ನಿಮ್ಮ ಸಿಟ್ಟು ಅರ್ಧ ನ್ಯಾಯ ಎನ್ನುತ್ತೇನೆ.

ನೀವು ಹೇಳಿದ ಬದಲಾವಣೆಗೆ ಗಟ್ಟಿ ಕಾರಣವಿತ್ತು. ಮೊದಲ ಎರಡು ಆವೃತ್ತಿಗಳು ಡಿಡಿಆರ್ 3 ಮೆಮೊರಿಗೆ, 2014ರ ಮೂರನೆಯದು ಡಿಡಿಆರ್ 4ಕ್ಕೆ ಮಾಡಿದ್ದು. ಮೆಮೊರಿ ನಿಯಂತ್ರಕ ಪ್ರೊಸೆಸರಿನ ಒಳಗೆ ಇರುವ ತನಕ, ಮೆಮೊರಿಯ ಬಗೆ ಬದಲಾದರೆ ಸಾಮಾನ್ಯವಾಗಿ ಸಾಕೆಟ್ಟೂ ಬದಲಾಗುತ್ತದೆ. ತಪ್ಪಿ ಕೂತು ಸುಟ್ಟುಹೋಗದಿರಲಿ ಎಂದೇ ಕಚ್ಚು ಬದಲಿಸಿದರು. ಸಂಖ್ಯೆಯನ್ನು ಹಾಗೇ ಬಿಟ್ಟದ್ದು ಮಾತ್ರ ದೊಡ್ಡ ತಪ್ಪು, ಎಷ್ಟೋ ಜನ ನಿಮ್ಮಂತೆಯೇ ಮೋಸಹೋಗಿದ್ದಾರೆ. ಎಎಂಡಿಯೂ ಇದೇ ಮಾಡಿದೆ. ಅವರದೇ ಥ್ರೆಡ್‌ರಿಪ್ಪರ್ ಪ್ರೊಸೆಸರಿನ ಟಿಆರ್4 ಸಾಕೆಟ್ಟಿನಲ್ಲಿಯೂ 4094 ಸ್ಪರ್ಶಗಳಿವೆ, ನೋಡಲು ಎಸ್‌ಪಿ3ಯ ಅವಳಿ. ಆದರೆ ಎಪಿಕ್ ಅದರಲ್ಲಿ ನಡೆಯುವುದಿಲ್ಲ.

ಉಳಿದ ಅರ್ಧಕ್ಕೆ ಉತ್ತರವಾಗಿ ನಾನು ತೋರಿಸುವುದು ಇದೇ ಎಸ್‌ಪಿ3ಯನ್ನು. 2017ರ ಜೂನ್‌ನಲ್ಲಿ ಮೊದಲ ಎಪಿಕ್ ಬಂದಾಗ ಅದರೊಳಗೆ ನಾಲ್ಕು ಸಿಲಿಕಾನ್ ತುಣುಕುಗಳಿದ್ದವು. ಒಂದೊಂದರಿಂದ 2 ಮೆಮೊರಿ ಚಾನೆಲ್, 32 ಲೇನ್. ನಾಲ್ಕು ಮನೆಗಳ ಒಟ್ಟು ಕುಟುಂಬದಂತೆ: ಒಬ್ಬರ ಕಣಜದಿಂದ ಇನ್ನೊಬ್ಬರು ತರಬೇಕಾದರೆ ಅಂಗಳ ದಾಟಬೇಕು, ಹೊತ್ತು ಹಿಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಎರಡನೇ ತಲೆಮಾರು ಬಂದಾಗ ಒಳಗಿನ ವಿನ್ಯಾಸವನ್ನೇ ಕೆಡವಿ ಕಟ್ಟಿದ್ದರು. ನಡುವೆ ಮೆಮೊರಿ ಮತ್ತು ಲೇನ್‌ಗಳಿಗೆ ಒಂದೇ ದೊಡ್ಡ ತುಣುಕು, ಅದು 14 ನ್ಯಾನೋಮೀಟರ್‌ನದು. ಸುತ್ತ ಕೋರ್‌ಗಳಿರುವ 8 ತುಣುಕುಗಳ ತನಕ, ಅವು 7 ನ್ಯಾನೋಮೀಟರ್‌ನವು. 32 ಕೋರ್ ಇದ್ದದ್ದು 64 ಆಯಿತು. 2021ರಲ್ಲಿ ಮೂರನೇ ತಲೆಮಾರು, 2022ರಲ್ಲಿ ಅದರದೇ ಇನ್ನೊಂದು ರೂಪ, ಕ್ಯಾಷ್ ಮೆಮೊರಿಯನ್ನು ಉಪ್ಪರಿಗೆಯಂತೆ ಮೇಲೆ ಪೇರಿಸಿ 768 ಎಂಬಿ ತನಕ ಒಯ್ದದ್ದು. ಒಳಗೆ ಇಷ್ಟೆಲ್ಲ ಆಗುತ್ತಿದ್ದರೂ ಕೆಳಗಿನ 4094 ಬಿಲ್ಲೆಗಳ ಜೋಡಣೆ ಕದಲಲಿಲ್ಲ. ಇಂಟೆಲ್ ಇದೇ ಅವಧಿಯಲ್ಲಿ 3647 ಸ್ಪರ್ಶಗಳ ಸಾಕೆಟ್ಟಿನಿಂದ 4189ಕ್ಕೆ ಬಂದಿತ್ತು. ನಾನು ಎರಡನ್ನೂ ಸಾಕಷ್ಟು ಕೈಯಾಡಿಸಿದ್ದೇನೆ. ಈ ಒಂದು ವಿಷಯದಲ್ಲಿ ಎಸ್‌ಪಿ3ಯನ್ನು ಮಾಡಿದವರ ಬಗ್ಗೆ ನನಗೆ ಗೌರವವಿದೆ.

ಅಘನಾಶಿನಿ, ಕುಮಟಾ

ಇದು ಎಎಂಡಿಗೆ ಹಳೆಯ ರೂಢಿ. ಸಾಕೆಟ್ ಎಫ್ ಆರಂಭವಾದದ್ದು 2 ಕೋರ್‌ಗಳಿಂದ. 2007ರಲ್ಲಿ 4 ಕೋರ್, 2009ರಲ್ಲಿ 6 ಕೋರ್‌ಗಳ ಆಪ್ಟೆರಾನ್‌ಗಳು ಅದರಲ್ಲೇ ಕೂತವು. 2010ರಲ್ಲಿ 1944 ಸ್ಪರ್ಶಗಳ ಜಿ34 ಬಂತು, ಒಂದೇ ಪ್ಯಾಕೇಜಿನಲ್ಲಿ ಎರಡು ತುಣುಕು, 4 ಚಾನೆಲ್ ಡಿಡಿಆರ್ 3. ಎಪಿಕ್‌ನಲ್ಲಿ ನಾಲ್ಕು ತುಣುಕು ಜೋಡಿಸುವ ಯೋಚನೆಯ ಮೊಳಕೆ ಅಲ್ಲಿಯೇ ಇತ್ತು ಎಂದು ನನ್ನ ತಿಳಿವಳಿಕೆ.

ಬೇಡ್ತಿ, ಯಲ್ಲಾಪುರ

ಹಾಗಿದ್ದರೆ ಮೊದಲ ತಲೆಮಾರಿನ ಎಪಿಕ್ ಬೋರ್ಡು ಕೊಂಡು ಮುಂದೆ ಮೂರನೆಯದನ್ನು ಹಾಕಬಹುದೇ? ಕಚೇರಿಗೆ ಇದನ್ನೇ ಸೂಚಿಸುತ್ತೇನೆ.

ಉಂಚಳ್ಳಿ, ಸದ್ಯ ಬೆಂಗಳೂರು

ದಯವಿಟ್ಟು ಅವಸರ ಬೇಡ. ಸಾಕೆಟ್ ಒಂದೇ ಆದ ಮಾತ್ರಕ್ಕೆ ನಡೆಯುತ್ತದೆ ಎನ್ನುವಂತಿಲ್ಲ. ಮೊದಲ ಬೋರ್ಡುಗಳಲ್ಲಿ ಕೆಲವಕ್ಕೆ ಬಯೋಸ್ (ಚಾಲೂ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಇಡುವ ಚಿಪ್ 16 ಎಂಬಿಯದು. ಎರಡನೇ ತಲೆಮಾರಿನ ಬಯೋಸ್ ಅದರಲ್ಲಿ ಹಿಡಿಸಲಿಲ್ಲ, 32 ಎಂಬಿ ಚಿಪ್ ಇರುವ ಹೊಸ ಆವೃತ್ತಿಯ ಬೋರ್ಡೇ ಬೇಕಾಯಿತು. ಹಿಡಿಸಿದರೂ ಹಳೆಯ ಬೋರ್ಡಿನ ಗೆರೆಗಳು ಪಿಸಿಐ ಎಕ್ಸ್‌ಪ್ರೆಸ್ 3ಕ್ಕೆ ಹಾಕಿದ್ದು, 4ರ ವೇಗ ಸಿಗುವುದಿಲ್ಲ. ಬೋರ್ಡು ತಯಾರಕರ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರಿನ ಹೆಸರು ಮತ್ತು ಬೋರ್ಡಿನ ಆವೃತ್ತಿ ಎರಡನ್ನೂ ನೋಡದೆ ಹಣ ಕೊಡಬೇಡಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಎಪಿಕ್‌ನಲ್ಲಿ ಭದ್ರತೆಗೆಂದು ಒಂದು ಬೀಗವಿದೆ. ಕೆಲವು ಸರ್ವರ್ ತಯಾರಕರು ಅದನ್ನು ಬಳಸಿದ್ದಾರೆ. ಅಂಥ ಯಂತ್ರದಲ್ಲಿ ಚಾಲೂ ಮಾಡಿದಾಗ ಪ್ರೊಸೆಸರಿನೊಳಗಿನ ಸೂಕ್ಷ್ಮ ಫ್ಯೂಸ್‌ಗಳು ಶಾಶ್ವತವಾಗಿ ಸುಟ್ಟು, ಆ ಪ್ರೊಸೆಸರ್ ಆ ತಯಾರಕರ ಬೋರ್ಡಿನಲ್ಲಿ ಮಾತ್ರ ನಡೆಯುವಂತಾಗುತ್ತದೆ. ಹೊರಗಿನಿಂದ ನೋಡಿದರೆ ಗುರುತು ಸಿಗುವುದಿಲ್ಲ. ಬಿಡಿ ಪ್ರೊಸೆಸರ್ ಕೊಳ್ಳುವಾಗ ‘ಬೀಗ ಬಿದ್ದಿಲ್ಲ’ ಎಂದು ಮಾರುವವರಿಂದ ಬರಹದಲ್ಲಿ ಪಡೆಯಿರಿ. ಬೋರ್ಡೂ ಪ್ರೊಸೆಸರೂ ಜೊತೆಯಾಗಿ ಸಿಕ್ಕರೆ ಇನ್ನೂ ಒಳ್ಳೆಯದು.

ಶರಾವತಿ ಹುಡುಗ, ಹೊನ್ನಾವರ

ಇಂಟೆಲ್‌ನ ಎಲ್‌ಜಿಎ 771 ಸರ್ವರ್ ಪ್ರೊಸೆಸರನ್ನು ಮನೆಯ ಕಂಪ್ಯೂಟರಿನ 775 ಬೋರ್ಡಿಗೆ ಹಾಕುತ್ತಾರೆ ಎಂದು ಕೇಳಿದ್ದೇನೆ. ಹಾಗೆ 2011ಕ್ಕೂ ಮಾಡಲು ಆಗುವುದಿಲ್ಲವೇ?

ಕಾಳಿತೀರ, ಕಾರವಾರ

ನಾನೇ ಮಾಡಿಕೊಟ್ಟಿದ್ದೇನೆ. ಅವೆರಡೂ ಬಹುಪಾಲು ಒಂದೇ ಜೋಡಣೆ. ಎರಡು ಬಿಲ್ಲೆಗಳನ್ನು ಅದಲುಬದಲು ಮಾಡುವ ತೆಳು ಸ್ಟಿಕ್ಕರ್ ಅಂಟಿಸಿ, ಸಾಕೆಟ್ಟಿನ ಕಚ್ಚನ್ನು ಕತ್ತರಿಸಿದರೆ ಬೋರ್ಡು ಒಪ್ಪಿಕೊಳ್ಳುತ್ತಿತ್ತು. ಆ ಕಾಲದಲ್ಲಿ ಮೆಮೊರಿ ನಾರ್ತ್‌ಬ್ರಿಜ್ ಕೈಯಲ್ಲಿತ್ತು, ಹಾಗಾಗಿ ಸಾಧ್ಯವಾಯಿತು. ಡಿಡಿಆರ್ 3ಕ್ಕೆ ಹಾಕಿದ ಗೆರೆಗಳ ಮೇಲೆ ಯಾವ ಸ್ಟಿಕ್ಕರ್ ಅಂಟಿಸಿದರೂ ಡಿಡಿಆರ್ 4 ಬರುವುದಿಲ್ಲ.

ತೋಟದಂಚು, ಶಿರಸಿ

ಇಂದು ಬೆಳಿಗ್ಗೆ ಬಿಚ್ಚಿದೆ. ಮೊದಲು ಕಂಡದ್ದೇ ಬೇಸರದ ಸಂಗತಿ: 3ನೇ ಸ್ಕ್ರೂ ಅರ್ಧಕ್ಕೇ ನಿಂತಿತ್ತು. ಪ್ರೊಸೆಸರ್ ತಿರುವಿ ನೋಡಿದರೆ ಒಂದು ಅಂಚಿನ ಬಿಲ್ಲೆಗಳ ಮೇಲೆ ಬೂದು ಬಣ್ಣದ ಥರ್ಮಲ್ ಪೇಸ್ಟ್ ಹಿಡಿದಿತ್ತು. ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿದೆ. 1, 2, 3 ಎಂದು ಸುತ್ತು ಹಾಕಿ ಬಿಗಿದೆ. ಚಾಲೂ ಮಾಡಿದಾಗ 112 ಜಿಬಿ! ಏಳನೆಯ ಸ್ಲಾಟ್ ಕಣ್ಣು ತೆರೆಯಿತು. ಎಂಟನೆಯದು ಇನ್ನೂ ಇಲ್ಲ.

ಕಾಳಿತೀರ, ಕಾರವಾರ

ಹಾಗಾದರೆ ಒಂದು ಪಿನ್ನು ಬಾಗಿದೆ. ಮತ್ತೆ ಬಿಚ್ಚಿ. ಟಾರ್ಚನ್ನು ಬದಿಯಿಂದ, ಬೋರ್ಡಿಗೆ ತಾಗುವಷ್ಟು ತಗ್ಗಿಸಿ ಹಿಡಿಯಿರಿ. ಸಾಲಾಗಿ ಹೊಳೆಯುವ ಚುಕ್ಕಿಗಳ ನಡುವೆ ಒಂದು ಹೊಳೆಯದಿದ್ದರೆ ಅದೇ ಕಳ್ಳ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ಸಿಕ್ಕ ಮೇಲೆ ಹೊಲಿಗೆಯ ಸಣ್ಣ ಸೂಜಿ ಸಾಕು. ಪಿನ್ನಿನ ತುದಿಯ ಕೆಳಗೆ ಸೂಜಿ ಇಟ್ಟು, ಅಕ್ಕಪಕ್ಕದವು ನಿಂತ ದಿಕ್ಕಿಗೆ ತುಸುವೇ ಎತ್ತಿ. ಒಂದೇ ಸಲಕ್ಕೆ ಸರಿಮಾಡಲು ಹೋಗಬೇಡಿ, ಹಿಂದೆ ಮುಂದೆ ಆಡಿಸಲೂ ಬೇಡಿ. ಎರಡು ಮೂರು ಸಲ ಬಾಗಿದರೆ ಮುರಿಯುತ್ತದೆ. ಕೈ ನಡುಗಿದರೆ ನಿಲ್ಲಿಸಿ, ಚಹಾ ಕುಡಿದು ಬನ್ನಿ.

ಅಘನಾಶಿನಿ, ಕುಮಟಾ

ಸೂಜಿ ಹಿಡಿಯುವ ಮೊದಲು ಸರ್ವರಿನ ಲೋಹದ ಕವಚ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ.

ಉಂಚಳ್ಳಿ, ಸದ್ಯ ಬೆಂಗಳೂರು

ನಿನ್ನೆ ಇಲ್ಲಿ ಎಸ್‌ಪಿ5 ಸಾಕೆಟ್ ತೆರೆದಾಗ ನಿಮ್ಮೆಲ್ಲರ ನೆನಪಾಯಿತು. 2022ರ ನವೆಂಬರ್‌ನಲ್ಲಿ ಬಂದದ್ದು, 6096 ಸ್ಪರ್ಶಗಳು, ಡಿಡಿಆರ್ 5ರ 12 ಚಾನೆಲ್. ಮೆಮೊರಿಯ ಬಗೆ ಬದಲಾಯಿತು, ಸಾಕೆಟ್ಟೂ ಬದಲಾಯಿತು. 2024ರ ಐದನೇ ತಲೆಮಾರಿನ ಎಪಿಕ್ ಕೂಡ ಇದರಲ್ಲೇ ಕೂರುತ್ತದೆ. ಬೇಡ್ತಿಯವರೇ, ಇನ್ನು ಕೆಲವು ವರ್ಷಗಳಲ್ಲಿ ಇವು ಬಳಸಿದ ಮಾಲಾಗಿ ನಮ್ಮೂರಿನ ಕಡೆ ಬರುತ್ತವೆ. ಆಗಲೂ ಬೋರ್ಡಿನ ಆವೃತ್ತಿ ಕೇಳುವುದನ್ನು ಮರೆಯಬೇಡಿ.

ತೋಟದಂಚು, ಶಿರಸಿ

ಸಿಕ್ಕಿತು. ಅಂಚಿನಿಂದ ಐದನೆಯ ಸಾಲಿನಲ್ಲಿ ಒಂದು ಸ್ಪ್ರಿಂಗ್ ಪಕ್ಕದ್ದರ ಮೇಲೆ ಒರಗಿ ಮಲಗಿತ್ತು. ಎರಡು ಗಂಟೆ ಹಿಡಿಯಿತು. ಸೂಜಿ ನನ್ನ ಹೆಂಡತಿಯದು, ಕೈಯೂ ಅವಳದೇ. ಹೂ ಕಟ್ಟಿ, ಕಸೂತಿ ಹಾಕಿ ಪಳಗಿದ ಕೈ, ನನ್ನದರಷ್ಟು ನಡುಗುವುದಿಲ್ಲ. ನಾನು ಟಾರ್ಚ್ ಹಿಡಿದು ನಿಂತಿದ್ದೆ.

128 ಜಿಬಿ ತೋರಿಸುತ್ತಿದೆ. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದೆ, ಒಂದೂ ತಪ್ಪು ಬಂದಿಲ್ಲ.

ಕಾಳಿತೀರ, ಕಾರವಾರ

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಇನ್ನು ಮಳೆ ಹಿಡಿಯುವ ಮುನ್ನ ಒಂದು ಮಾತು. ಸ್ಪರ್ಶಗಳ ಮೇಲಿನ ಚಿನ್ನ ಬಹಳ ತೆಳು, ಕೆಳಗೆ ನಿಕ್ಕಲ್, ಅದರ ಕೆಳಗೆ ತಾಮ್ರದ ಮಿಶ್ರಲೋಹ. ಚಿನ್ನಕ್ಕೆ ತುಕ್ಕಿಲ್ಲ, ಆದರೆ ಆ ಪದರದ ಸೂಕ್ಷ್ಮ ರಂಧ್ರಗಳಿಂದ ತೇವ ಇಳಿದರೆ ಕೆಳಗಿನ ಲೋಹ ಕೆಡುತ್ತದೆ. ಇಲ್ಲಿ ಕಡಲಂಚಿನಲ್ಲಿ ಉಪ್ಪುಗಾಳಿಯಿಂದ ಹಸಿರುಗಟ್ಟಿದ ಬೋರ್ಡುಗಳನ್ನು ಪ್ರತಿವರ್ಷ ನೋಡುತ್ತೇನೆ. ನಿಮ್ಮ ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ತಿಂಗಳುಗಟ್ಟಲೆ ಒಣಗದ ಗಾಳಿ ಇದೆ. ಸಾಕೆಟ್ಟನ್ನು ಖಾಲಿ ಬಿಡಬೇಡಿ, ಪ್ರೊಸೆಸರ್ ಬಿಗಿದಿದ್ದರೆ ಅದೇ ಮುಚ್ಚಳ. ಸರ್ವರನ್ನು ಆದಷ್ಟು ಚಾಲೂ ಇಡಿ, ಅದರ ಬಿಸಿಯೇ ತೇವವನ್ನು ದೂರ ಇಡುತ್ತದೆ. ಕರೆಂಟು ಹೋಗಿ ಎರಡು ದಿನ ತಣ್ಣಗಾಗಿ ಬಿದ್ದಿದ್ದರೆ ತಕ್ಷಣ ಚಾಲೂ ಮಾಡದೆ, ಕೋಣೆಯನ್ನು ಸ್ವಲ್ಪ ಒಣಗಿಸಿಕೊಂಡು ಒತ್ತಿ.

ತೋಟದಂಚು, ಶಿರಸಿ

ಹಾಗೆಯೇ ಮಾಡುತ್ತೇನೆ. ಪೆಟ್ಟಿಗೆಯಲ್ಲಿ ಇನ್ನೂ ಇನ್ನೂರಕ್ಕೂ ಹೆಚ್ಚು ಕ್ಯಾಸೆಟ್‌ಗಳಿವೆ. ಬೂಷ್ಟು ಹಿಡಿದವನ್ನು ಮೊದಲು ಆರಿಸಿದ್ದೇವೆ. ಇಂದು ಮಧ್ಯಾಹ್ನದಿಂದ ಅವು ಓಡುತ್ತಿವೆ.